ಅಳಿಸಿದರೆ ಸಾಲದು

ನಮ್ಮ ಪಕ್ಷದ ವಾರ್ಡ್ ಅಧ್ಯಕ್ಷೆಯ ಬಲಗೈ ಹೆಬ್ಬೆರಳಿಗೆ ತುದಿಯೇ ಇರಲಿಲ್ಲ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಹೋದದ್ದು. ಹಾಗಾಗಿ ಫೋನನ್ನು ಮೇಜಿನ ಮೇಲಿಟ್ಟು ತೋರುಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತಿದ್ದರು. ನೋಡುವ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಫೋನಿನಲ್ಲಿ ಪಕ್ಷದ ಪುಟ, ಗ್ರೂಪು ನೋಡಿಕೊಳ್ಳುತ್ತಿದ್ದವಳು ನಾನು. "ಕೊಡಿ ಅಕ್ಕಾ, ನಾನೇ ಹಾಕ್ತೀನಿ" ಎಂದರೆ, "ಮೊದ್ಲು ಗಟ್ಟಿಯಾಗಿ ಓದಮ್ಮ. ಯಾರ ಮೇಲೆ ಬರ್ದಿದ್ದೀಯೋ ಅವ್ರು ಎದುರ್ಗೇ ಕೂತವ್ರೆ ಅನ್ಕೊಂಡು ಓದು" ಎನ್ನುತ್ತಿದ್ದರು. ಓದುವಾಗ ನಾಲಿಗೆ ತಡವರಿಸಿತೋ, ಆ ಬರಹ ಹೊರಗೆ ಹೋಗುತ್ತಿರಲಿಲ್ಲ.

ಪಾಲಿಕೆ ಚುನಾವಣೆ ಹತ್ತಿರವಿತ್ತು. ನಮ್ಮ ಉಪಾಧ್ಯಕ್ಷರು ಯಾರನ್ನೂ ಕೇಳದೆ ಗ್ರೂಪಿಗೆ ಒಂದು ಫೋಟೊ ಹಾಕಿಬಿಟ್ಟರು. ಎದುರು ಪಕ್ಷದ ಕಾರ್ಯಕರ್ತೆಯೊಬ್ಬಳು ಮಗಳ ಜೊತೆ ಆಟೊದಿಂದ ಸೀರೆಯ ಚೀಲ ಇಳಿಸುತ್ತಿದ್ದಾಳೆ. ಮೇಲೆ, "ಓಟಿಗೆ ಸೀರೆ ಹಂಚುವ ತಾಯಿ-ಮಗಳು" ಎಂಬ ಬರಹ. ಆ ತಾಯಿಯೇ ಅಳುತ್ತಾ ಅಧ್ಯಕ್ಷೆಗೆ ಫೋನ್ ಮಾಡಿದಳು. ಅವು ಮಗಳ ನಿಶ್ಚಿತಾರ್ಥಕ್ಕೆ ತಂದ ಸೀರೆಗಳಂತೆ. ಅಷ್ಟರಲ್ಲಿ ಫೋಟೊ ಹೆಬ್ಬಾಳದ ಕಾರ್ಖಾನೆಗಳ ಶಿಫ್ಟ್ ಬಸ್ಸುಗಳಲ್ಲೆಲ್ಲ ಸುತ್ತಾಡಿ ಗಂಡಿನ ಮನೆಗೂ ಮುಟ್ಟಿತ್ತು. ಅವಳ ಮನೆ ಮುಂದೆ ನಮ್ಮವರೇ ಗುಂಪು ಕಟ್ಟಿ ಕೂಗುತ್ತಿದ್ದರು.

ಅಕ್ಕ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ. ಯಾರೋ ಗೇಟು ಹಿಡಿದು ಅಲ್ಲಾಡಿಸುತ್ತಿದ್ದರು. ಒಳಗೆ ಹುಡುಗಿ ಬಿಕ್ಕುವುದು ಕೇಳಿಸುತ್ತಿತ್ತು. ಅಕ್ಕ ಗೇಟಿಗೆ ಬೆನ್ನು ಕೊಟ್ಟು ನಿಂತರು. "ಮುಟ್ರೋ ನೋಡಣ! ಮೊದ್ಲು ನನ್ ಮುಟ್ಟಿ!"

ಉಪಾಧ್ಯಕ್ಷರು ಕಿವಿಯ ಹತ್ತಿರ ಬಂದು, "ಅಕ್ಕಾ, ಎಲೆಕ್ಷನ್ ಟೈಮು. ಸುಮ್ನೆ ಅಳಿಸಿಬುಡ್ತೀನಿ. ಒಪ್ಕೊಂಡ್ರೆ ಸೋತೋಗ್ಬುಡ್ತೀವಿ" ಎಂದರು.

"ಅಳಿಸಿದ್ರೆ ನೋಡ್ದೋರ ತಲೆಯಿಂದ ಹೋಯ್ತದೇನಪ್ಪಾ? ಸುಳ್ಳು ಎಲ್ಲೆಲ್ಲಿಗೆ ಹೋಯ್ತೋ ನಿಜಾನೂ ಅಲ್ಲಿಗೆಲ್ಲ ಹೋಗ್ಬೇಕು. ನಿನ್ನ ಹೆಸರಾಕಿ ಬರಿ."

ಆತ ಬರೆಯಲಿಲ್ಲ. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ತಾವೇ ಒತ್ತತೊಡಗಿದರು. ಒಂದೊಂದೇ ಅಕ್ಷರ. ಕಲ್ಲೊಂದು ಬಂದು ತಲೆಗೆ ಬಿದ್ದೀತೆಂದು ನಾನು ಅವರಿಗೆ ಅಡ್ಡ ನಿಂತೆ. 'ಆ ಫೋಟೊದ ಮಾತು ಸುಳ್ಳು. ಹಾಕಿದವರು ನಮ್ಮವರು. ತಪ್ಪಾಯಿತು.' ಕೆಳಗೆ ತಮ್ಮ ಹೆಸರು. ಆಮೇಲೆ ಅಲ್ಲಿದ್ದ ಒಬ್ಬೊಬ್ಬರ ಫೋನನ್ನೂ ತೆಗೆಸಿ, ಫೋಟೊ ಕಳಿಸಿದ ಕಡೆಗೆಲ್ಲ ಈ ಬರಹವನ್ನೂ ಕಳಿಸಿಯೇ ಜಾಗ ಖಾಲಿ ಮಾಡಿಸಿದರು. ಅವತ್ತೇ ಗಂಡಿನ ಮನೆಗೂ ಹೋಗಿ ಕೈಮುಗಿದು ಬಂದರು.

ನಿಶ್ಚಿತಾರ್ಥ ನಡೆಯಿತು. ನಾವು ವಾರ್ಡ್ ಸೋತೆವು. ಪಕ್ಷ ಅಕ್ಕನನ್ನು ಸ್ಥಾನದಿಂದ ಇಳಿಸಿತು. "ಬೇಜಾರಿಲ್ವಾ ಅಕ್ಕಾ?" ಎಂದು ಕೇಳಿದ್ದೆ. "ಅದೆ ಕಣಮ್ಮ. ಇಲ್ದೆ ಏನು?" ಎಂದಿದ್ದರು.

ಹೋದ ತಿಂಗಳು ಅಕ್ಕ ತೀರಿಕೊಂಡರು. ಆ ತಾಯಿ-ಮಗಳು ಬಂದು ತಲೆದೆಸೆಯಲ್ಲಿ ಕೂತಿದ್ದರು. ಇತ್ತ ಗ್ರೂಪಿನಲ್ಲಿ ಅದೇ ಉಪಾಧ್ಯಕ್ಷರು, ಈಗ ಅಧ್ಯಕ್ಷರು, 'ಕೊನೆಯವರೆಗೂ ಪಕ್ಷ ಇವರನ್ನು ತಲೆಯ ಮೇಲೆ ಹೊತ್ತು ಮೆರೆಸಿತು' ಎಂದು ಹಾಕಿದ್ದರು. ಥೂ! ನನ್ನ ಮೈ ಉರಿದುಹೋಯಿತು. ಅಲ್ಲೇ ಅಕ್ಕನ ಪಕ್ಕ ಕೂತು ಬರೆದೆ: 'ಇದು ಸುಳ್ಳು. ನಿಜ ಹೇಳಿದ್ದಕ್ಕೆ ಇವರನ್ನು ಇಳಿಸಿದ್ದು ನಾವೇ.' ಅಕ್ಕನ ಮುಖ ನೋಡಿಕೊಂಡು ಗಟ್ಟಿಯಾಗಿ ಓದಿದೆ. ನಾಲಿಗೆ ತಡವರಿಸಲಿಲ್ಲ. ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ.

ಅಳಿಸು ಅಂತ ಫೋನಿನ ಮೇಲೆ ಫೋನು ಬಂತು. ಅಳಿಸಿಲ್ಲ.