ಕೂತ ಕೂಲಿ

ಮೊನ್ನೆ ಮಗಳ ಹೊಸ ಯೂನಿಫಾರ್ಮ್ ಬಟ್ಟೆಯನ್ನು ನೀರಿಗೆ ಹಾಕಿದೆ. ಬಕೆಟ್ಟಿನಿಂದ ಗಂಜಿಯ ಜೊತೆಗೆ ಮಗ್ಗದ ಎಣ್ಣೆಯ ವಾಸನೆಯೂ ಮೇಲೆದ್ದಿತು... ಹಿಂದೆ ನಾನು ಕೆಲಸಕ್ಕಿದ್ದ ಶೆಡ್ಡಿನ ಯಜಮಾನರು ನೆನಪಾದರು. ಹಿಂದೆಯೇ ಸಿಟ್ಟೂ ಬಂತು. ಅವರ ಮೇಲಲ್ಲ.

ಮದುವೆಗೆ ಮುಂಚೆ ನಾನು ದೊಡ್ಡಬಳ್ಳಾಪುರದಲ್ಲಿ ಅವರ ಪವರ್‌ಲೂಮ್ ಶೆಡ್ಡಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಸೀರೆ ವ್ಯಾಪಾರ ಬಿದ್ದುಹೋದ ಮೇಲೆ ಯಜಮಾನರು ಸರ್ಕಾರಿ ಹಾಸ್ಟೆಲ್ ಮಕ್ಕಳ ಯೂನಿಫಾರ್ಮ್ ಬಟ್ಟೆಯ ಗುತ್ತಿಗೆ ಹಿಡಿದಿದ್ದರು. ನಮ್ಮಲ್ಲಿ ನೇಯ್ದಷ್ಟಕ್ಕೆ ಕೂಲಿ. ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತರೆ ಕೂಲಿಯೂ ಇಲ್ಲ. ಊರಲ್ಲೆಲ್ಲ ಅದೇ ಪದ್ಧತಿ. ಯಜಮಾನರು ಮಾತ್ರ ಕರೆಂಟಿಗೆ ಕಾದು ಕೂತವರಿಗೂ ಅರ್ಧ ಕೂಲಿ ಕೊಡುತ್ತಿದ್ದರು. ಶೆಡ್ಡಿನಲ್ಲಿ ಅದಕ್ಕೆ ಕೂತ ಕೂಲಿ ಅಂತಲೇ ಹೆಸರು.

“ಕರೆಂಟ್ ಹೋದ್ರೆ ಹಸಿವೂ ಹೋಗುತ್ತೇನಮ್ಮಾ?” ಅನ್ನುತ್ತಿದ್ದರು.

ಬಟ್ಟೆಗೆ ಸರ್ಕಾರ ಕೊಡುವ ದರದಲ್ಲಿ ನೂಲಿಗೆ ಇಷ್ಟು, ನೇಯ್ಗೆಗೆ ಇಷ್ಟು ಎಂದಿರುತ್ತಿತ್ತು. ಶೆಡ್ಡಿನ ಬಾಡಿಗೆ, ದೀಪ, ಮಗ್ಗ ರಿಪೇರಿಯವನ ಸಂಬಳ ಇವನ್ನೆಲ್ಲ ಮೀಟರಿಗೆ ಇಷ್ಟೆಂದು ಬಿಡಿಸಿ ಹೇಳಲಾಗುವುದಿಲ್ಲವಲ್ಲ, ಅಂಥ ಮೇಲುಖರ್ಚಿಗೆಲ್ಲ, ಕಚೇರಿ ಭಾಷೆಯಲ್ಲಿ ಪರೋಕ್ಷ ವೆಚ್ಚಕ್ಕೆ, ಸೇರಿಸಿ ಶೇಕಡಾ ಇಷ್ಟು ಎಂದು ಕಚೇರಿಯವರು ವರ್ಷಕ್ಕೊಮ್ಮೆ ನಿಗದಿ ಮಾಡುತ್ತಿದ್ದರು. ಕೂತ ಕೂಲಿಯನ್ನೂ ಅದರಲ್ಲಿ ಹಿಡಿಯಿರಿ ಎಂದು ಯಜಮಾನರು ಕೇಳಿಕೊಂಡರು. ಬಂದು ನೋಡುತ್ತೇವೆ ಎಂದರು ಕಚೇರಿಯವರು.

ಅಲ್ಲೇ ಎಡವಟ್ಟಾಯಿತು. ನೇಕಾರರಿಗೆ, ಮನೆಗೆ ಬಂದವರ ಮುಂದೆ ಮಗ್ಗ ನಿಂತಿರುವುದೆಂದರೆ ಒಲೆ ಹಚ್ಚದ ಅಡುಗೆಮನೆ ತೋರಿಸಿದಷ್ಟೇ ಅವಮಾನ. ಯಜಮಾನರು ಶೆಡ್ಡು ತೊಳೆಸಿದರು, ಮಗ್ಗಗಳಿಗೆ ಅರಿಶಿನ ಕುಂಕುಮ ಇಡಿಸಿದರು. ಅಷ್ಟು ಸಾಲದೆಂದು ಬಾಡಿಗೆಗೆ ಜನರೇಟರನ್ನೂ ತರಿಸಿದರು. ನಾನು ತಲೆ ಚಚ್ಚಿಕೊಂಡೆ.

“ಕರೆಂಟಿಲ್ದೆ ಜನ ಕೂತಿರೋದನ್ನ ತಾನೇ ಅವ್ರು ನೋಡ್ಬೇಕಾಗಿರೋದು, ಯಜಮಾನ್ರೇ?”

“ಮೊದಲ್ನೇ ಸಲ ಬರ್ತಾವ್ರೆ ಕಣಮ್ಮಾ. ಸಾವಿನ ಮನೆ ಥರ ಶೆಡ್ ತೋರ್ಸಕ್ಕಾಗುತ್ತಾ?”

ಸಾಹೇಬರು ಬಂದರು. ಅವರಿದ್ದಾಗಲೇ ಕರೆಂಟು ಹೋಯಿತು. ಹೊರಗೆ ಜನರೇಟರ್ ಬಡಬಡ ಎಂದಿತು, ಮಗ್ಗಗಳು ಓಡಿದವು. ಸಾಹೇಬರು ಕಿವಿ ಮುಚ್ಚಿಕೊಂಡೇ ಕಾಫಿ ಕುಡಿದರು, ಶಾಲು ಹೊದಿಸಿಕೊಂಡರು, ಹೋದರು. ಆಮೇಲೆ ಆದೇಶ ಬಂತು: ಮಗ್ಗಗಳು ನಿರಂತರ ಓಡುತ್ತಿರುವುದು ಕಂಡುಬಂದಿದೆ, ಕೆಲಸವಿಲ್ಲದ ವೇಳೆಯ ಕೂಲಿಯನ್ನು ಪರೋಕ್ಷ ವೆಚ್ಚವೆಂದು ಒಪ್ಪಲಾಗದು. ಕಿವಿ ಮುಚ್ಚಿಕೊಂಡ ಮನುಷ್ಯನಿಗೆ ಆ ಸದ್ದು ಯಾವುದರದ್ದೆಂದು ತಿಳಿಯಲಿಲ್ಲವೇ? ಈಗ ನೆನೆದರೂ ಮೈ ಉರಿಯುತ್ತದೆ.

ಯಜಮಾನರ ಜೊತೆ ನಾನೂ ಕಚೇರಿಗೆ ಹೋದೆ. ಅವರು ಕೈಮುಗಿದು ಜನರೇಟರಿನ ಕಥೆಯನ್ನೆಲ್ಲ ಹೇಳಿದರು.

“ಅದಿರಲಿ, ಸುಮ್ಮನೆ ಕೂತವರಿಗೆ ಸರ್ಕಾರ ಯಾಕ್ರೀ ದುಡ್ಡು ಕೊಡಬೇಕು?” ಎಂದರು ಸಾಹೇಬರು.

ನನಗೆ ತಡೆಯಲಾಗಲಿಲ್ಲ. “ಅವತ್ತು ನಿಮ್ಮ ಡ್ರೈವರ್ ನಮ್ಮ ಶೆಡ್ ಮುಂದೆ ಕಾರಲ್ಲಿ ಕೂತೇ ಇದ್ರಲ್ಲ ಸಾರ್, ಅವ್ರ ಸಂಬಳ ಕಟ್ ಮಾಡಿದ್ರಾ?” ಎಂದುಬಿಟ್ಟೆ.

ಸಾಹೇಬರ ಮುಖ ಕೆಂಪಾಯಿತು. ಯಜಮಾನರೇ ನನ್ನ ಪರವಾಗಿ ಕ್ಷಮೆ ಕೇಳಿದರು. ಅದೊಂದು ನನಗೆ ಇವತ್ತಿಗೂ ಸಹಿಸಲಾಗುವುದಿಲ್ಲ. ಕ್ಷಮೆ ಕೇಳಬೇಕಾಗಿದ್ದವರು ಕುರ್ಚಿಯಲ್ಲಿ ಕೂತಿದ್ದರು, ಕೇಳಿದವರು ನಿಂತಿದ್ದರು.

ಆದೇಶ ಬಂತೆಂದು ಯಜಮಾನರು ಕೂತ ಕೂಲಿ ನಿಲ್ಲಿಸಲಿಲ್ಲ. ಕೈಯಿಂದ ಕೊಟ್ಟರು. ಕೈ ಬರಿದಾದಾಗ ಒಂದು ಮಗ್ಗ ಮಾರಿದರು, ಆಮೇಲೆ ಇನ್ನೊಂದು... ಕೊನೆಗೆ ಶೆಡ್ಡಿಗೇ ಬೀಗ ಬಿತ್ತು. ನೇಯುತ್ತಿದ್ದವರಲ್ಲಿ ಕೆಲವರು ಸೋಂಪುರದ ಫ್ಯಾಕ್ಟರಿಗಳಿಗೆ ಹೋದರು, ಉಳಿದವರು ಅದೇ ಬೀದಿಯ ಬೇರೆ ಶೆಡ್ಡುಗಳಿಗೆ ಸೇರಿದರು. ದಡ್ಡತನ ಎಂದು ಊರು ಆಡಿಕೊಂಡಿತು. ಆಡಿಕೊಂಡವರಲ್ಲಿ ಒಬ್ಬರಾದರೂ ಕೂತವರಿಗೆ ಒಂದು ಲೋಟ ಟೀ ಕೊಟ್ಟದ್ದನ್ನು ನಾನು ಕಾಣೆ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಬೀದಿಯಲ್ಲಿ ಸಾವಾದರೆ ಹೆಣ ಎತ್ತುವವರೆಗೆ ಯಾರೂ ಮಗ್ಗ ಓಡಿಸುವುದಿಲ್ಲ. ಮಣ್ಣಿಗೆಂದು ನಾನು ಹೋದಾಗ ಇಡೀ ಬೀದಿ ಜಗಲಿಗಳ ಮೇಲೆ ಕೂತಿತ್ತು. ಹಿಂದೆ ನಮ್ಮ ಶೆಡ್ಡಿನಲ್ಲಿ ನೇಯುತ್ತಿದ್ದ ಅಕ್ಕನೊಬ್ಬಳು ನನ್ನ ಕೈ ಹಿಡಿದುಕೊಂಡು ಅತ್ತಳು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೇಳಿದಳು:

“ಇವತ್ತು ಕೂತಿದ್ದಕ್ಕೆ ಯಾರು ಕೊಡ್ತಾರಮ್ಮಾ?”

ಈಗಲೂ ಆ ಬೀದಿಯಲ್ಲಿ ಕರೆಂಟು ಹೋಗುತ್ತದೆ. ಜನ ಜಗಲಿಗೆ ಬಂದು ಕೂರುತ್ತಾರೆ. ಯಾರೂ ಏನೂ ಕೊಡುವುದಿಲ್ಲ.