ಚೌಕಾಸಿಗೆ ಬಿದ್ದ ಶುಗರ್

೧೯೭೮ರಲ್ಲಿ, ಏಳನೇ ತರಗತಿ ಮುಗಿಯುವ ಮುಂಚೆಯೇ ಓದು ಬಿಟ್ಟು, ಹಿಂದೂಪುರದ ಬೆಲ್ಲದ ಮಂಡಿಯೊಂದರಲ್ಲಿ ಮೂಟೆ ಹೊರಲು ಸೇರಿದೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಒಂದು ಚೂರು ಬೆಲ್ಲ ಬಾಯಿಗೆ ಬಿದ್ದರೆ ಸಾಕು, ಕಬ್ಬಿಗೆ ಉಪ್ಪುನೀರು ಬಿಟ್ಟಿದ್ದರೆ, ಪಾಕ ಹೆಚ್ಚು ಕುದಿಸಿದ್ದರೆ ನನಗೆ ತಿಳಿಯುತ್ತದೆ. ಮೂಟೆ ಹೊತ್ತವನು ಮುಂದೆ ಸ್ವಂತ ಮಂಡಿ ಇಟ್ಟದ್ದು ಈ ನಾಲಗೆಯಿಂದಲೇ. ಸಕ್ಕರೆ ಕಾಯಿಲೆ ಬಂದಾಗ ಎಲ್ಲರೂ ದೂರಿದ್ದೂ ಇದನ್ನೇ. ಅಂದಿನಿಂದ ರುಚಿ ನೋಡಿ ಉಗುಳುತ್ತೇನೆ.

ಡಾಕ್ಟರಮ್ಮ ಹೇಳಿದರು: "ಬೆಳಿಗ್ಗೆ ಖಾಲಿ ಹೊಟ್ಟೇಲಿ ನೂರರಿಂದ ನೂರಮೂವತ್ತರೊಳಗೆ ಇರಲಿ. ನಿಮ್ಮ ವಯಸ್ಸಿಗೆ, ನೀವು ನುಂಗೋ ಮಾತ್ರೆಗೆ ಅಷ್ಟು ಸಾಕು."

ನಮ್ಮ ಮಂಡಿಯಲ್ಲಿ ಮೊದಲು ಹೇಳಿದ ರೇಟಿಗೆ ಒಪ್ಪುವವನನ್ನು ಯಾರೂ ವ್ಯಾಪಾರಿ ಅನ್ನುವುದಿಲ್ಲ.

"ಎಂಬತ್ತಕ್ಕೆ ಮುಗಿಸಿ ಕಣಮ್ಮ," ಎಂದೆ.

"ಇದು ಬೆಲ್ಲ ಅಲ್ಲ ಯಜಮಾನರೇ. ಎಪ್ಪತ್ತರ ಕೆಳಗೆ ಇಳಿದ್ರೆ ನಡುಗಿ ಬಿದ್ದುಹೋಗ್ತೀರಿ. ಪ್ರಾಣಕ್ಕೇ ಅಪಾಯ."

ತಲೆಯಾಡಿಸಿದೆ. ಮಾರುವವರು ಹೀಗೆ ಹೆದರಿಸುವುದು ನನಗೇನೂ ಹೊಸದಲ್ಲ.

ಕಲ್ಯಾಣದುರ್ಗದಲ್ಲಿರುವ ಅಕ್ಕನ ಗಂಡನಿಗೂ ಇದೇ ಕಾಯಿಲೆ. ಭಾವ ಶೇಂಗಾ ವ್ಯಾಪಾರಿ, ನನಗಿಂತ ಹಿರಿಯರು. ಬೆಳಗಾದರೆ ಇಬ್ಬರೂ ಮಿಷನ್ನಿಗೆ ಬೆರಳು ಚುಚ್ಚಿ, ಫೋನಿನಲ್ಲಿ ಹರಾಜು ಕೂಗುತ್ತಿದ್ದೆವು.

"ಏಮಯ್ಯಾ, ನಂದು ನೂರಹದಿನೆಂಟು. ನಿಂದು?"

"ತೊಂಬತ್ತೆರಡು ಭಾವ."

"ಅಬ್ಬಬ್ಬ! ಅದೇನ್ ತಿಂತೀಯೋ ಮಾರಾಯ?"

"ಏನೂ ತಿನ್ನಕಿಲ್ಲ. ಅದೇ ಗುಟ್ಟು."

ಗುಟ್ಟು ನಿಜವೇ. ರಾತ್ರಿಯ ಮುದ್ದೆ ಬಿಟ್ಟಿದ್ದೆ, ಮಾತ್ರೆ ಬಿಟ್ಟಿರಲಿಲ್ಲ. ಎಂಬತ್ತಕ್ಕೆ ಇಳಿದ ದಿನ ಮಂಡಿಯವರಿಗೆಲ್ಲ ಕಾಫಿ ಕುಡಿಸಿದೆ, ನಾನು ಮಾತ್ರ ಕುಡಿಯಲಿಲ್ಲ. ಫೋನಿನಲ್ಲಿ ಗೆದ್ದರೆ ಭಾವ ನಂಬುವುದಿಲ್ಲವೆಂದು, ಎದುರಿಗೇ ಚುಚ್ಚಿ ತೋರಿಸೋಣ ಎಂದು ಒಂದು ಬೆಳಿಗ್ಗೆ ಮಾತ್ರೆ ನುಂಗಿ, ಖಾಲಿ ಹೊಟ್ಟೆಯಲ್ಲಿ ಬಸ್ಸು ಹತ್ತಿದೆ.

ಕಂಬದೂರು ದಾಟುವಾಗ ಅಂಗಿ ಒದ್ದೆಯಾಗಿತ್ತು. ಬಸ್ಸಿನಲ್ಲಿ ಬೇರೆ ಯಾರೂ ಬೆವರುತ್ತಿರಲಿಲ್ಲ. ಅಕ್ಕನ ಮನೆಯ ಮೆಟ್ಟಿಲು ಹತ್ತುವಾಗ ಮೊಣಕಾಲು ನನ್ನ ಮಾತು ಕೇಳಲಿಲ್ಲ. ಆದರೂ ಬೆರಳು ಚಾಚಿದೆ.

ಮಿಷನ್ನು ಐವತ್ತೊಂದು ತೋರಿಸಿತು.

ಗೆದ್ದೆ ಎಂದುಕೊಂಡೆ. ಭಾವನ ಮುಖ ಬಿಳುಚಿತು. "ಲೇ, ಬೆಲ್ಲ ತತ್ತಾರೇ!" ಎಂದು ಒಳಗೆ ಕೂಗಿದರು. ಅಕ್ಕ ಓಡಿ ಬಂದಳು.

"ಬಾಯ್ ತೆಗಿಯೋ!"

"ಬ್ಯಾಡಕ್ಕ. ತಿಂದ್ರೆ ಏರ್ಬುಡ್ತದೆ."

"ಏರ್ಲಿ ಕಣ್ಲಾ! ನೀನ್ ಹೋದ್ಮ್ಯಾಲೆ ಆ ನಂಬರ್ಗೆ ಹಾರ ಹಾಕಿ ಗೋಡೆಗೆ ತಗಲಾಕ್ಲಾ?"

ಗಲ್ಲ ಹಿಡಿದು ಬೆಲ್ಲ ತುರುಕಿದಳು. ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ನಾಲಗೆ ಮಾತ್ರ ಕೆಲಸ ಬಿಟ್ಟಿರಲಿಲ್ಲ.

"ಉಪ್ಪೈತೆ ಇದ್ರಾಗೆ," ಎಂದೆ. "ಎಲ್ ತಂದ್ರಿ ಇಂಥದ್ನ?"

"ಹೋದ್ ತಿಂಗ್ಳು ನೀನೇ ಕಳ್ಸಿದ್ದು, ನಿನ್ ಮಂಡೀದು!"

"ಬೆಲ್ಲಕ್ಕೆ ಹೆಸರಿಡ್ತಾವ್ನೆ," ಎಂದರು ಭಾವ, ಉಸಿರು ಬಿಟ್ಟು. "ಬದುಕ್ತಾನೆ ಬಿಡು."

ಆ ಉಪ್ಪು ನನ್ನ ಬೆವರಿನದು ಎಂದು ಇಂದಿಗೂ ವಾದಿಸುತ್ತೇನೆ.

ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿದಾಗ ತೊಂಬತ್ತು ದಾಟಿತ್ತು. ಅಕ್ಕ ಅನ್ನ, ಸಾರು ತಂದಿಟ್ಟು, ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ಕೂತಳು. ಆಗ ಭಾವ ಮೆಲ್ಲಗೆ ತಮಗೂ ಒಂದು ತಟ್ಟೆ ಕೇಳಿದರು. ನನ್ನನ್ನು ಸೋಲಿಸಲು ಅವರೂ ಹಿಂದಿನ ರಾತ್ರಿ ಉಪವಾಸ ಮಲಗಿದ್ದರಂತೆ. ಅಕ್ಕ ಇಬ್ಬರಿಗೂ ಬೈದದ್ದನ್ನು ಇಲ್ಲಿ ಬರೆಯಲಾರೆ.

ಡಾಕ್ಟರಮ್ಮ ಮಾತ್ರೆ ಕಡಿಮೆ ಮಾಡಿ, ಹಳೇ ನಂಬರನ್ನೇ ಮತ್ತೆ ಹೇಳಿದರು. ಈ ಸಲ ನಾನು ಚೌಕಾಸಿ ಮಾಡಲಿಲ್ಲ. ಅಕ್ಕ ಪಕ್ಕದ ಕುರ್ಚಿಯಲ್ಲೇ ಇದ್ದಳು.

ಈಗ ನನಗಿರುವುದು ಇಷ್ಟು: ಒಂದು ಮಂಡಿ, ದಿನಕ್ಕೆ ಅರ್ಧ ಮಾತ್ರೆ, ರಾತ್ರಿಗೆ ಒಂದು ಸಣ್ಣ ಮುದ್ದೆ, ನೂರರಿಂದ ನೂರಮೂವತ್ತರ ಗಡಿ, ಫೋನಿನಲ್ಲಿ "ಉಂಡ್ಯೇನಯ್ಯಾ" ಎಂದಷ್ಟೇ ಕೇಳುವ ಒಬ್ಬ ಭಾವ, ಅಂಗಿಯ ಜೇಬಿನಲ್ಲಿ ಒಂದು ಚೂರು ಬೆಲ್ಲ. ಆ ಬೆಲ್ಲ ಪಕ್ಕದ ಮಂಡಿಯದು.