ಹೊಗೆ ನೋಡಿ ಸಾರ್

ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿಗೆ ಎಸಿ ರಿಪೇರಿಗೆ ಬರುತ್ತಿದ್ದವನು ಸಿಂಗಸಂದ್ರದಾತ. ಬಾಗಿಲು ತೆರೆದೊಡನೆ ನಮಸ್ಕಾರಕ್ಕಿಂತ ಮೊದಲು ಮೂಗರಳಿಸಿ ಗಾಳಿ ಮೂಸುತ್ತಿದ್ದ. ಏನೇ ಕೇಳಿದರೂ ಅವನದು ಒಂದೇ ಮಾತು: "ನನ್ ಮಾತು ಬೇಡ, ಹೊಗೆ ನೋಡಿ ಸಾರ್."

ಆ ವಾರ ಫ್ಲೂ ಬಂದು ನಮ್ಮಲ್ಲಿ ಅರ್ಧ ಜನ ಕೆಮ್ಮುತ್ತಿದ್ದೆವು. ಅವನು ಮೀಟಿಂಗ್ ರೂಮಿಗೆ ಬಂದು, ಜೇಬಿನಿಂದ ಊದಿನಕಡ್ಡಿ ತೆಗೆದು ಹಚ್ಚಿದ. ರೋಗ ತೊಲಗಲೆಂದು ಪೂಜೆ ಮಾಡುತ್ತಿದ್ದಾನೆ ಎಂದುಕೊಂಡು ಮ್ಯಾನೇಜರ್ ಶೂ ಕಳಚಿ ಕೈಮುಗಿದರು. ನಾವೂ ಮುಗಿದೆವು.

"ಪೂಜೆ ಅಲ್ಲ, ಹೊಗೆ ನೋಡಿ ಸಾರ್," ಎಂದ.

ಹೊಗೆ ಎಲ್ಲಿಗೂ ಹೋಗದೆ ನಮ್ಮ ತಲೆಗಳ ಮೇಲೆಯೇ ನಿಂತಿತ್ತು.

"ಒಬ್ರು ಕೆಮ್ಮಿದ್ದೂ ಇಂಗೇ ನಿಂತಿರ್ತದೆ. ಮಿಕ್ಕೋರೆಲ್ಲ ಅದನ್ನೇ ಎಳ್ಕೊತೀರಾ."

ಏಣಿ ಹತ್ತಿ, ಹೊರಗಿನ ಗಾಳಿ ಒಳಬರುವ ಕಿಂಡಿಯ ತಗಡಿನ ಮುಚ್ಚಳ ತೆರೆದ. ಹೊಗೆ ಚದುರಿತು.

"ಮುಚ್ಚಪ್ಪಾ ಅದನ್ನ! ನಾನೇ ಮುಚ್ಚಿಸಿದ್ದು. ಕರೆಂಟ್ ಬಿಲ್ ಜಾಸ್ತಿ ಬರುತ್ತೆ," ಎಂದರು ಮ್ಯಾನೇಜರ್, ಇನ್ನೂ ಬರಿಗಾಲಲ್ಲೇ.

"ಮುಚ್ಚಲ್ಲ ಸಾರ್."

"ಹಾಗಾದ್ರೆ ನಾಳೆಯಿಂದ ಬರ್ಬೇಡ. ಬೇರೆಯವ್ರು ಬಂದು ಮುಚ್ತಾರೆ."

ಅವನು ಸ್ಪ್ಯಾನರ್ ತೆಗೆದು, ಮುಚ್ಚಳ ತಿರುಗಿಸುವ ಹ್ಯಾಂಡಲನ್ನೇ ಬಿಚ್ಚಿ, ಊದಿನಕಡ್ಡಿ ಪೊಟ್ಟಣದ ಜೊತೆ ಜೇಬಿಗಿಳಿಸಿ ಹೊರಟುಹೋದ.

ಮುಂದಿನ ವಾರ ಬೇರೆ ಮೆಕ್ಯಾನಿಕ್ ಬಂದು ಏಣಿ ಹತ್ತಿದ. "ಇದಕ್ಕೆ ಹ್ಯಾಂಡಲ್ಲೇ ಇಲ್ವಲ್ಲ ಸಾರ್, ಹೆಂಗೆ ಮುಚ್ಚೋದು?" ಎಂದು ಕೆಳಗಿಳಿದ.

ಹೊಸ ಹ್ಯಾಂಡಲ್ ತರಿಸುವ ಕೆಲಸವನ್ನು ಮ್ಯಾನೇಜರ್ ನನಗೆ ಒಪ್ಪಿಸಿದರು. ನಾನು ಇವತ್ತಿಗೂ ತರಿಸಿಲ್ಲ.